ಕೊಡಲಿಯ ಕಾವು: ನಮ್ಮ ನಾಲ್ಕು ತಾಲ್ಲೂಕುಗಳ ಮರೆತುಹೋದ ಒಂದು ಚರಿತ್ರೆ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನ ಬೇಕು ಮೇಷ್ಟ್ರೇ ಎಂದು ಸಂಘದ ಕಾರ್ಯದರ್ಶಿಗಳು ಮನೆಯ ತನಕ ಬಂದು ಕೇಳಿದರು. ಸಂಘ ಹುಟ್ಟಿದ ಬಗೆ, ಷೇರು ಬಂಡವಾಳ, ಸಾಲ ವಸೂಲಾತಿ ಇವನ್ನೆಲ್ಲ ಬರೆಯಲು ಸಂಸ್ಥಾಪಕ ಹಿರಿಯರಿದ್ದಾರೆ. ನಾನು ಕೊಡಲಿಯ ಕಾವಿನ ಚರಿತ್ರೆ ಬರೆಯುತ್ತೇನೆ ಅಂದೆ. ಅವರು ನಕ್ಕುಬಿಟ್ಟರು. "ಕಾವಿಗೇನ್ ಸಾರ್ ಚರಿತ್ರೆ? ಅಂಗಡೀಲಿ ದುಡ್ಡು ಕೊಟ್ರೆ ಕೊಡ್ತಾರೆ, ಮುರಿದೋದ್ರೆ ಇನ್ನೊಂದು ತರೋದು." ಅವರು ಹೇಳಿದ್ದು ಇವತ್ತಿನ ಮಟ್ಟಿಗೆ ನಿಜ. ಆದರೆ ಕಾವು ಅಂಗಡಿಯಲ್ಲಿ ಕೊಳ್ಳುವ ಪದಾರ್ಥವಾದದ್ದು ಯಾವಾಗ, ಅದಕ್ಕೆ ಮುಂಚೆ ಅದು ಎಲ್ಲಿಂದ ಬರುತ್ತಿತ್ತು ಎಂದು ಕೇಳಿಕೊಂಡರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಗಿಡಮರಗಳ ಕಥೆಯೇ ಅದರ ಹಿಂದೆ ಎದ್ದು ಬರುತ್ತದೆ.

ಕಾವು ಎಂದರೆ ಈಗಿನ ಮಕ್ಕಳಿಗೆ ಬಿಸಿ ಎಂದೋ, ಕೋಳಿ ಮೊಟ್ಟೆಯ ಮೇಲೆ ಕೂರುವುದು ಎಂದೋ ಅರ್ಥವಾಗುತ್ತದೆ. ಕೊಡಲಿ, ಗುದ್ದಲಿ, ಪಿಕಾಸಿ, ಸಮ್ಮಟಿಗೆಗಳಿಗೆ ಹಾಕುವ ಮರದ ಹಿಡಿಯೂ ಕಾವೇ. ನಮ್ಮಲ್ಲಿ ಮನೆಮಾತು ತೆಲುಗಾದವರು ಅದನ್ನು ‘ಕಾಮ’ ಅನ್ನುತ್ತಾರೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ಎಲ್ಲರಿಗೂ ಗೊತ್ತಿರುವುದೇ. ಮರದ ಕುಲದಲ್ಲಿ ಹುಟ್ಟಿ ಮರವನ್ನೇ ಕಡಿಯಲು ನೆರವಾಗುವುದರಿಂದ ಮನೆಮುರುಕರಿಗೆ ಈ ಹೋಲಿಕೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ನಾನು ಕಂಡದ್ದು ಬೇರೆ. ಯಾವ ಮರ ಕಾವಿಗೆ ಬೇಕಾಗಿತ್ತೋ ಅದರ ಒಂದು ಕೊಂಬೆಗೆ ಹತ್ತು ಜನ ಲೆಕ್ಕ ಇಟ್ಟಿರುತ್ತಿದ್ದರು, ಬುಡಕ್ಕೆ ಕೈಹಾಕಲು ಯಾರೂ ಬಿಡುತ್ತಿರಲಿಲ್ಲ. ಆ ಮರದ ಕಾವು ಬೇಡವೆಂದಾದ ಕಾಲಕ್ಕೇ ಮರವನ್ನು ಕೇಳುವವರೂ ಇಲ್ಲವಾದರು.

ಕೊಡಲಿಗೂ ನಮ್ಮ ಕೋಲಾರಕ್ಕೂ ಸಂಬಂಧ ಹಳೆಯದು. ಶಾಸನಗಳಲ್ಲಿ ಕುವಲಾಲ ಎಂದು ಬರುವ ಈ ಊರಿಗೆ ಕೋಲಾಹಲಪುರ ಎಂದೂ ಹೆಸರು ಹೇಳುತ್ತಾರೆ. ಜಮದಗ್ನಿ, ರೇಣುಕೆಯರು ಇದ್ದದ್ದು ಇಲ್ಲೇ ಶತಶೃಂಗ ಪರ್ವತದ ಸೀಮೆಯಲ್ಲಿ, ಪರಶುರಾಮ ಕಾರ್ತವೀರ್ಯಾರ್ಜುನನನ್ನು ಕೊಂದಾಗ ಎದ್ದ ಕೋಲಾಹಲದಿಂದ ಈ ಹೆಸರು ಬಂತು ಎಂಬುದು ಸ್ಥಳಪುರಾಣ. ಪರಶು ಎಂದರೆ ಕೊಡಲಿಯೇ ತಾನೆ. ಪುರಾಣ ಬಿಟ್ಟು ಭೂಮಿ ಅಗೆದವರ ಮಾತಿಗೆ ಬಂದರೂ ಕೊಡಲಿ ಸಿಗುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ ಸಾಹೇಬರು 1947ರಲ್ಲಿ ಉತ್ಖನನ ನಡೆಸಿದಾಗಲೂ ಕಲ್ಲುಗೊಡಲಿಗಳು ಸಿಕ್ಕವು. ಕಲ್ಲು ಉಳಿದಿದೆ, ಆಮೇಲಿನ ಕಬ್ಬಿಣವೂ ತುಕ್ಕು ಹಿಡಿದಾದರೂ ಉಳಿದಿದೆ. ಅವಕ್ಕೆ ಸಿಕ್ಕಿಸಿದ್ದ ಮರ ಮಾತ್ರ ಗೆದ್ದಲಿಗೆ ಹೋಯಿತು. ಹಾಗಾಗಿ ಕಾವಿನ ಚರಿತ್ರೆಯನ್ನು ವಸ್ತುಸಂಗ್ರಹಾಲಯದಲ್ಲಿ ಹುಡುಕಿ ಫಲವಿಲ್ಲ, ಬಲ್ಲವರ ಬಾಯಿಂದಲೇ ಕೇಳಬೇಕು. ನಾನು ಕೇಳಿದ್ದು ನಮ್ಮ ದೊಡ್ಡಪ್ಪನ ಬಾಯಿಂದ. ಅದೂ ಒಂದು ಅನಾಹುತ ಆದ ಮೇಲೆ.

1984ನೇ ಇಸವಿ, ನಾನು ಪಿ.ಯು.ಸಿ. ಓದುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಅಕ್ಕನ ಮದುವೆ. ಆಗೆಲ್ಲ ಮದುವೆ ಅಂದರೆ ಮನೆ ಮುಂದೆ ಚಪ್ಪರ, ಹಿತ್ತಲಲ್ಲಿ ಕೋಡಿ ಒಲೆ, ಅದಕ್ಕೆ ಗಾಡಿಗಟ್ಟಲೆ ಸೌದೆ. ಮಾವಿನ ಬೊಡ್ಡೆ, ಹುಣಸೆ ಬೊಡ್ಡೆ ಒಡೆಯಲು ಪಕ್ಕದೂರಿನ ಆಳು ಒಬ್ಬರನ್ನು ಕರೆಸಿದ್ದರು. ನಮ್ಮ ಮನೆಯ ಕೊಡಲಿಯ ಹಳೇ ಕಾವು ಸವೆದಿತ್ತು ಎಂದು ದೊಡ್ಡಪ್ಪ ಸಂತೆಯಿಂದ ಹೊಸದೊಂದು ತಂದಿದ್ದರು. ನೀಲಗಿರಿ ಗಳುವಿನದು, ನೋಡಲು ಗೆರೆ ಎಳೆದಂತೆ ನೇರ, ಇನ್ನೂ ಹಸಿವಾಸನೆ. ಹಿಂದಿನ ದಿನ ಬಿಗಿಯಾಗಿ ಬೆಣೆ ಹೊಡೆದಿದ್ದ ಕಾವು ಮಾರನೆಯ ದಿನದ ಬಿಸಿಲಿಗೆ ಒಣಗಿ ಸಡಿಲಾಯಿತು. ಎಲ್ಲರೂ ಮಾಡುವ ಹಾಗೆ ಕಲ್ಲುತೊಟ್ಟಿ ನೀರಿನಲ್ಲಿ ಒಂದು ಗಳಿಗೆ ಅದ್ದಿಟ್ಟು ಮತ್ತೆ ಕೆಲಸಕ್ಕೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಎತ್ತಿದ ಕೊಡಲಿ ಇಳಿಯುವಾಗ ಕೈಯಲ್ಲಿ ಕಾವು ಉಳಿದು ಕಬ್ಬಿಣ ಹಾರಿತು. ಸೌದೆ ಪೇರಿಸುತ್ತಿದ್ದ ದೊಡ್ಡಪ್ಪನ ಮೊಣಕಾಲ ಕೆಳಗೆ ಅದರ ಹಿಂಬದಿ ಬಡಿಯಿತು. ಬಾಯಿ ತಗಲಿದ್ದರೆ ಕಾಲೇ ಹೋಗುತ್ತಿತ್ತು. ಮೂಳೆ ಮುರಿಯಿತು. ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆವು. ಕೂಡಿಕೊಂಡಿತು, ಆದರೆ ಕೊನೆಯ ತನಕ ಕುಂಟು ಹೋಗಲಿಲ್ಲ. ಮಗಳ ಧಾರೆಗೆ ಅವರು ಮಂಚದ ಮೇಲೆ ಒರಗಿಕೊಂಡೇ ಅಕ್ಷತೆ ಹಾಕಿದರು.

ಸೌದೆ ಒಡೆಯಲು ಬಂದಿದ್ದ ಆಳು ಹೆದರಿ ಕೂಲಿಯನ್ನೂ ಕೇಳದೆ ಹೋಗಿಬಿಟ್ಟಿದ್ದರು. ದೊಡ್ಡಪ್ಪ ನನ್ನ ಕೈಯಲ್ಲಿ ಕೂಲಿ, ಒಂದು ಪಂಚೆ ಕಳಿಸಿ ಹೇಳಿಸಿದ ಮಾತು ಇದು: "ತಪ್ಪು ನಿಂದಲ್ಲ ಕಣಪ್ಪ, ಕಾವಿಂದು. ಆ ಕಾವು ತಂದೋನು ನಾನು." ಹಾಸಿಗೆ ಮೇಲಿದ್ದ ಆ ಎರಡು ಮೂರು ತಿಂಗಳಲ್ಲಿ, ಗೊತ್ತಿದ್ದೂ ಹಸೀ ಕಾವು ತಂದೆನಲ್ಲ ಎಂಬ ಕೊರಗಿನಿಂದಲೋ ಏನೋ, ಕಾವಿನ ವಿದ್ಯೆಯನ್ನೆಲ್ಲ ನನಗೆ ಹೇಳಿಕೊಟ್ಟರು. ಆಮೇಲೆ ನಾನು ಕಮ್ಮಾರರನ್ನು, ಬಡಗಿಗಳನ್ನು, ಮಾಲೂರಿನ ಸೌದೆ ಡಿಪೋ ಆಳುಗಳನ್ನು ಕೇಳಿ ತಿಳಿದದ್ದೂ ಇದಕ್ಕೆ ಸೇರಿಕೊಂಡಿದೆ.

ಕಡಿಯುವ ಕೊಡಲಿ ಬೇರೆ, ಒಡೆಯುವ ಕೊಡಲಿ ಬೇರೆ. ಕಡಿಯುವುದು ಎಳೆಗೆ ಅಡ್ಡ, ಒಡೆಯುವುದು ಎಳೆಯ ಉದ್ದಕ್ಕೆ. ಒಡೆಯುವುದು ದಪ್ಪ ಕೆನ್ನೆಯದು, ಬೆಣೆಯ ಹಾಗೆ ಮರವನ್ನು ಇಬ್ಭಾಗ ಮಾಡಬೇಕು. ಗಂಟುಬಿದ್ದ ಬೊಡ್ಡೆಗೆ ಕೊಡಲಿ ಸಾಲದು. ಅಲ್ಲಿ ಕಬ್ಬಿಣದ ಬೆಣೆ ನೆಟ್ಟು ಸಮ್ಮಟಿಗೆಯಿಂದ ಹೊಡೆಯುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಕೊಡಲಿ, ಸಮ್ಮಟಿಗೆ ಎರಡನ್ನೂ ಒಂದೇ ತಲೆಗೆ ಕೂಡಿಸಿದ ಆಯುಧವಿದೆ, ಅದಕ್ಕೆ ಮಾಲ್ ಅನ್ನುತ್ತಾರೆ. (ಬೆಂಗಳೂರಿನ ಹುಡುಗರು ಭಾನುವಾರ ಹೋಗುವ ಮಾಲ್ ಅಲ್ಲ.) ಯಾವುದೇ ಆಗಲಿ, ಪೆಟ್ಟು ಬಿದ್ದಾಗ ಅದರ ಹಿನ್ನಡುಕ ಕಾವಿನ ಮೂಲಕವೇ ಕೈಗೆ ಬರುತ್ತದೆ. ಕಾವು ಬಗ್ಗಿ ಆ ನಡುಕವನ್ನು ನುಂಗಬೇಕು. ಬೊಡ್ಡೆಯಲ್ಲಿ ಸಿಕ್ಕಿಕೊಂಡ ಕೊಡಲಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ ಕೀಳುವಾಗ ಅದೇ ಕಾವು ಬಗ್ಗದೆ ಗಡಾರಿಯ ಹಾಗೆ ನಿಲ್ಲಬೇಕು. ಗುರಿ ತಪ್ಪಿ ಪೆಟ್ಟು ಮುಂದೆ ಬಿದ್ದರೆ ಕೊಡಲಿಯ ಬದಲು ಅದರ ಕತ್ತೇ ಬೊಡ್ಡೆಯ ಅಂಚಿಗೆ ಬಡಿಯುತ್ತದೆ, ಅದನ್ನೂ ತಾಳಬೇಕು. ಬರೀ ಗಟ್ಟಿ ಇದ್ದರೆ ಸಾಲದು ಎನ್ನುವುದು ಇಲ್ಲೇ. ಗಟ್ಟಿ ಮರವೆಲ್ಲ ಕಾವಾಗುವುದಿಲ್ಲ. ತೇಗ ರಾಜಮರ, ಬಾಗಿಲಿಗೆ, ಪೆಟ್ಟಿಗೆಗೆ ಅದರ ಸಮ ಇಲ್ಲ. ಆದರೆ ಕೊಡಲಿಗೆ ತೇಗದ ಕಾವು ಹಾಕಿಸಿದವನನ್ನು ಕಮ್ಮಾರ ನೋಡಿ ನಗುತ್ತಾನೆ, ಪೆಟ್ಟಿಗೆ ಅದು ಪಟ್ ಅನ್ನುತ್ತದೆ.

ಇದು ನಮ್ಮ ಹಳ್ಳಿಯ ಕಮ್ಮಾರನ ಅಭಿಪ್ರಾಯ ಮಾತ್ರವಲ್ಲ. 1906ರಲ್ಲಿ ಸ್ಥಾಪನೆಯಾದ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಮರಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಬಗ್ಗಿಸಿ, ಮುರಿದು, ಪೆಟ್ಟು ಹಾಕಿ, ತೇಗಕ್ಕೆ 100 ಅಂಕ ಎಂದಿಟ್ಟುಕೊಂಡು ಉಳಿದವನ್ನು ಅದರೊಂದಿಗೆ ಹೋಲಿಸಿದರು. ಪೆಟ್ಟು ತಾಳುವ ಗುಣದಲ್ಲಿ ತೇಗವನ್ನು ಎಷ್ಟೋ ಹಿಂದೆ ಹಾಕುವ ಮರಗಳು ನಮ್ಮಲ್ಲಿವೆ. ಮಲೆನಾಡಿನ ಅಂಚಿನ ತಡಸಲು ಅಂಥದು. ನಮ್ಮ ಬಯಲುಸೀಮೆಯ ಗುಡ್ಡಕಾಡಿನ ದಿಂಡಿಗ ಅಂಥದು. ತೆಲುಗಿನಲ್ಲಿ ಇದು ಚಿರುಮಾನು. ಗಾಡಿಯ ಅಚ್ಚಿಗೆ ಇದನ್ನೇ ಬಳಸುತ್ತಿದ್ದುದರಿಂದ ಇಂಗ್ಲಿಷಿನವರು ಇದಕ್ಕೆ ಆಕ್ಸಲ್ ವುಡ್ ಎಂದೇ ಹೆಸರಿಟ್ಟರು. ಭಾರತೀಯ ಮಾನಕ ಸಂಸ್ಥೆ ಮರದ ಕಾವುಗಳಿಗೆಂದೇ 620ನೇ ಸಂಖ್ಯೆಯ ಮಾನಕವನ್ನು ಬರೆದಿಟ್ಟಿದೆ. ಸಂತೆಯಲ್ಲಿ ಕಾವು ಮಾರುವವರೂ ಕೊಳ್ಳುವವರೂ ಅದನ್ನು ಓದಿದ್ದನ್ನು ನಾನು ಕಾಣೆ.

ದಿಂಡಿಗ ಬೇಕೆಂದರೆ ಕಾಡಿಗೆ ಹೋಗಬೇಕು, ಕಾಡಿನಲ್ಲಿ ಗಾರ್ಡು ಇರುತ್ತಾನೆ. ಊರಿನ ಎಲ್ಲೆಯೊಳಗೇ ಸಿಗುವುದು ಹುಣಸೆ ಮತ್ತು ಜಾಲಿ. ಇವೆರಡರ ನಡುವೆ ನಮ್ಮ ಕಡೆ ಎರಡು ಪಕ್ಷಗಳೇ ಇದ್ದವು. ಕೆರೆ ಅಂಗಳದ ಕರಿಜಾಲಿ ಒಳ್ಳೆ ಬಿಗಿ ಮರ, ಗಾಡಿ ಚಕ್ರಕ್ಕೆ, ನೇಗಿಲಿಗೆ ಅದೇ ಆಗುತ್ತಿತ್ತು. ನೀರಿನಲ್ಲಿ ಕೆಲವು ವಾರ ನೆನೆಸಿ ಒಣಗಿಸಿದರೆ ಹುಳು ಹತ್ತುವುದು ಕಡಿಮೆ. ಆದರೆ ಸೊಟ್ಟಬುದ್ಧಿಯ ಮರ. ಎರಡು ಮೊಳ ನೇರವಾಗಿ ಗಂಟಿಲ್ಲದೆ ಸಿಗಬೇಕಾದರೆ ಹತ್ತು ಮರ ಸುತ್ತಬೇಕು. ಗುದ್ದಲಿ ಕಾವು ಗಿಡ್ಡ, ಅದಕ್ಕೆ ಜಾಲಿ ಸಾಕು. ಕೊಡಲಿಗೆ ಹುಣಸೆಯೇ ಎನ್ನುವುದು ನಮ್ಮ ದೊಡ್ಡಪ್ಪನ ಪಕ್ಷ, ನನ್ನದೂ ಅದೇ. ಹುಣಸೆ ಕೊಂಬೆ ಮಕ್ಕಳು ಹತ್ತಿ ಕುಣಿದರೂ ಮುರಿಯುವುದಿಲ್ಲ ಎನ್ನುವುದು ಬಾಲ್ಯದಲ್ಲಿ ಕಾಯಿ ಕದ್ದವರಿಗೆಲ್ಲ ಗೊತ್ತು. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದೇ ಕಾರಣಕ್ಕೆ ಹುಣಸೆ ಬೊಡ್ಡೆ ಒಡೆಯುವುದು ಮಹಾ ಕಷ್ಟ, ಅದೇ ಕಾರಣಕ್ಕೆ ಹುಣಸೆ ಕಾವು ಸೀಳಿಹೋಗುವುದಿಲ್ಲ. ಮಾವು ನಮ್ಮ ಶ್ರೀನಿವಾಸಪುರದ ಭಾಗ್ಯ, ಆದರೆ ಅದರ ಕಾವು ಒಂದು ಹಂಗಾಮಿಗೂ ಬಾರದು. ಹಿಪ್ಪುನೇರಳೆ ಎತ್ತರದ ಮರವಾಗಿ ಬೆಳೆದರೆ ಬಹಳ ಒಳ್ಳೆಯ ಬಳುಕು ಮರ, ಉತ್ತರದ ಕಡೆ ಅದರಲ್ಲಿ ಹಾಕಿ ಕೋಲು ಮಾಡುತ್ತಾರೆ. ನಾವು ರೇಷ್ಮೆ ಹುಳುವಿಗಾಗಿ ಅದನ್ನು ವರ್ಷವರ್ಷವೂ ಬುಡಕ್ಕೆ ಕತ್ತರಿಸುವವರು, ಕಾವಿನಷ್ಟು ದಪ್ಪವಾಗಲು ಎಲ್ಲಿ ಬಿಟ್ಟೇವು?

ಕೊಂಬೆ ಆರಿಸುವುದೇ ಅರ್ಧ ಕೆಲಸ. ಕೆಳಕ್ಕೆ ಜೋತುಬಿದ್ದ ಕೊಂಬೆ ಬೇಡ, ಅದರ ಒಂದು ಮಗ್ಗುಲು ಬಿಗಿ, ಇನ್ನೊಂದು ಸಡಿಲ, ಒಣಗಿದಾಗ ಬಿಲ್ಲಾಗುತ್ತದೆ. ಮೇಲಕ್ಕೆ ನೆಟ್ಟಗೆ ಹೋದ, ತೊಡೆ ಗಾತ್ರದ ಕೊಂಬೆ ಬೇಕು. ಅದನ್ನು ಗರಗಸದಲ್ಲಿ ಕೊಯ್ಯಬಾರದು, ಬೆಣೆ ಹೊಡೆದು ನಾಲ್ಕಾಗಿ ಸೀಳಬೇಕು. ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ, ಸೀಳು ಮರದ ದಾರಿಯಲ್ಲಿ ಹೋಗುತ್ತದೆ. ಕೊಯ್ದ ಕಾವಿನಲ್ಲಿ ಎಳೆ ನಡುವೆಯೇ ಪಕ್ಕಕ್ಕೆ ಹಾದು ಹೊರಗೆ ಬಂದಿರುತ್ತದೆ. ಎಲ್ಲಿ ಎಳೆ ಹೊರಗೆ ಬಂತೋ ಅಲ್ಲೇ ಒಂದು ದಿನ ಓರೆಯಾಗಿ ಮುರಿಯುತ್ತದೆ, ಮುರಿದ ತುದಿ ಈಟಿಯ ಹಾಗಿರುತ್ತದೆ. ನಡುವಿನ ತಿರುಳನ್ನು ಕೆತ್ತಿ ಬಿಸಾಡಬೇಕು. ಹುಣಸೆಯಲ್ಲಿ ಒಳಗಿನ ಕಪ್ಪು ಚೇಗು ಸ್ವಲ್ಪವೇ, ಹೊರಗಿನ ಬಿಳಿ ಭಾಗವೇ ಹೆಚ್ಚು. ಬಿಳಿಯದು ಎಳಸು, ಚೇಗೇ ಬೇಕು ಎಂದು ವಾದಿಸುವವರು ಇದ್ದರು. ಅಮೆರಿಕದಲ್ಲಿ ಇದರ ತಿರುಗುಮುರುಗು ವಾದ ನಡೆಯಿತಂತೆ. ಅಲ್ಲಿ ಹಿಕರಿ ಎಂಬ ಮರದ ಕಾವಿಗೆ ಬಿಳಿಯದೇ ಶ್ರೇಷ್ಠ, ಕೆಂಪು ಕೀಳು ಎಂದು ಬೆಲೆಯಲ್ಲೇ ಭೇದ ಮಾಡಿದ್ದರು. ಮ್ಯಾಡಿಸನ್ ಎಂಬಲ್ಲಿನ ಸರ್ಕಾರಿ ಪ್ರಯೋಗಶಾಲೆ ಪರೀಕ್ಷೆ ಮಾಡಿ, ತೂಕ ಒಂದೇ ಇದ್ದರೆ ಶಕ್ತಿಯೂ ಒಂದೇ, ಬಣ್ಣದಲ್ಲಿ ಏನೂ ಇಲ್ಲ ಎಂದು ತೋರಿಸಿತು. ನಮ್ಮ ಹುಣಸೆಯ ಬಿಳಿ ಭಾಗಕ್ಕೆ ಇರುವ ನಿಜವಾದ ಶತ್ರು ಕುಟ್ಟೆ ಹುಳು. ಅಮಾವಾಸ್ಯೆಯ ಕಡೆ ಕಡಿದರೆ ಹುಳು ಬೀಳುವುದಿಲ್ಲ ಎಂದು ಹಿರಿಯರು ನಂಬಿದ್ದರು. ನನಗೆ ಅದಕ್ಕಿಂತ ಅಡುಗೆಮನೆಯ ಅಟ್ಟದ ಮೇಲೆ ಹೆಚ್ಚು ನಂಬಿಕೆ. ಸೀಳಿದ ಹೋಳುಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿಬಿಟ್ಟರೆ ಒಂದು ವರ್ಷ ಅವುಗಳ ಕಡೆ ನೋಡುವ ಹಾಗಿಲ್ಲ. ಹೊಗೆ ಕುಡಿದು, ನಿಧಾನವಾಗಿ ಒಣಗಿ, ಕಂದುಬಣ್ಣಕ್ಕೆ ತಿರುಗಿ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುವ ಹೊತ್ತಿಗೆ ಕಾವು ತಯಾರು.

ಹಸಿ ಮರಕ್ಕೆ ಬೆಣೆ ಹೊಡೆದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೊಡ್ಡಪ್ಪನ ಕಾಲೇ ಸಾಕ್ಷಿ. ನೀರಿನಲ್ಲಿ ನೆನೆಸುವುದು ಅದಕ್ಕಿಂತ ಕೆಟ್ಟದ್ದು ಎಂದು ಅವರಿಗೆ ತಡವಾಗಿ ಹೊಳೆಯಿತು. ನೆನೆದ ಮರ ಉಬ್ಬುತ್ತದೆ, ಕಬ್ಬಿಣದ ಕಣ್ಣು ಉಬ್ಬಲು ಬಿಡುವುದಿಲ್ಲ, ಎಳೆಗಳು ಒಳಗೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಮೊದಲಿಗಿಂತ ಸಣ್ಣದಾಗಿ ಕೂರುತ್ತದೆ. ಪ್ರತಿ ಸಲ ನೆನೆಸಿದಾಗಲೂ ಇನ್ನಷ್ಟು ಸಡಿಲ. ಇಷ್ಟು ಗೊತ್ತಿದ್ದೂ ಇವತ್ತಿಗೂ ಬೆಳಿಗ್ಗೆ ಎದ್ದು ಕೊಡಲಿಯನ್ನು ಬಕೆಟ್ಟಿಗೆ ಅದ್ದುವವರೇ ಹೆಚ್ಚು. ನೀರಿನ ಬದಲು ಹೊಂಗೆಣ್ಣೆಯೋ ಹರಳೆಣ್ಣೆಯೋ ಸವರಿದರೆ ಮರ ತೇವವನ್ನು ಬೇಗ ಹೀರುವುದೂ ಇಲ್ಲ, ಬೇಗ ಬಿಡುವುದೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಸಂತೆಯಿಂದ ಹಸಿ ನೀಲಗಿರಿ ಏಕೆ ತಂದರು? ನಾನು ಕೇಳಿದೆ. "ಇನ್ನೆಲ್ಲಿಂದ ತರ್ಲಿ? ತೋಪು ಎಲ್ಲೈತೆ?" ಅಂದರು. ಕಾವಿನ ಚರಿತ್ರೆ ಊರಿನ ಚರಿತ್ರೆಯಾಗುವುದು ಈ ಮಾತಿನಿಂದ.

ನಮ್ಮ ಊರುಗಳಿಗೆ ಗುಂಡುತೋಪು, ಗೋಮಾಳ, ಕೆರೆ ಏರಿ ಎಂದು ಸಾಮೂಹಿಕ ಜಾಗಗಳಿದ್ದವು. ಹುಣಸೆ, ಹೊಂಗೆ, ಜಾಲಿ, ಬೇವು ಅಲ್ಲಿ ಬೆಳೆಯುತ್ತಿದ್ದವು. ಹಣ್ಣಿನ ಫಸಲು ಹರಾಜಿಗೆ. ಆದರೆ ರೈತನಿಗೆ ಒಂದು ಮೇಣಿಗೆ, ಒಂದು ಕಾವಿಗೆ ಬೇಕೆಂದರೆ ಊರ ಹಿರಿಯರಿಗೆ ಒಂದು ಮಾತು ಹೇಳಿ ಕೊಂಬೆ ತರುವ ರೂಢಿ. ಹುಣಸೆಮರದಲ್ಲಿ ದೆವ್ವ ಇರುತ್ತದೆ ಎಂಬ ಭಯವೂ ಮರವನ್ನು ಕಾದಿತ್ತು ಅನ್ನಿ. ನಮ್ಮ ಸೀಮೆಯ ಮರಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಚಿನ್ನದ ಗಣಿಯಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ನಲ್ಲಿ ಕೆಲಸ ಹಿಡಿದ ಮೇಲೆ ನೀರು ಎತ್ತಲು, ಅದಿರು ಎತ್ತಲು, ಕುಟ್ಟಲು ಉಗಿಯಂತ್ರಗಳು ಬಂದವು. ಅವುಗಳ ಹೊಟ್ಟೆಗೆ ಸೌದೆ, ಕಲ್ಲಿದ್ದಲು. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು 1902ರ ಜೂನ್‌ನಲ್ಲಿ. ಆ ಇಪ್ಪತ್ತು ವರ್ಷಗಳಲ್ಲಿ ಸುತ್ತಿನ ಗುಡ್ಡಕಾಡು ಎಷ್ಟು ಕೊಡಲಿ ಕಂಡಿತೋ! ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಗುಡ್ಡಗಳು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ದಿಂಡಿಗದ ಕಾವು ನನ್ನ ತಲೆಮಾರಿಗೆ ಹೆಸರಾಗಿ ಮಾತ್ರ ಬಂತು.

ಕಲ್ಲಿನ ಮಾತು ಬಂದದ್ದರಿಂದ ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮುಳಬಾಗಿಲಿನ ಬಂಡೆಗಳ ಮೇಲೆ ಕಲ್ಲು ಒಡೆಯುವವರ ಸಮ್ಮಟಿಗೆಯ ಕಾವನ್ನು ನೋಡಿ: ಗಟ್ಟಿ ಬಿದಿರು, ಬೆರಳಿನಷ್ಟೇ ದಪ್ಪ ಎನ್ನುವ ಹಾಗೆ ಸಣ್ಣದು, ಎತ್ತಿದರೆ ಚಾಟಿಯಂತೆ ಬಳುಕುತ್ತದೆ. ಹೊಸಬರು ನೋಡಿದರೆ ಈಗ ಮುರಿದೀತು ಅನ್ನುತ್ತಾರೆ. ಕಲ್ಲು ಪೆಟ್ಟನ್ನು ಹಾಗೆಯೇ ವಾಪಸು ಕೊಡುವುದರಿಂದ ಆ ಬಳುಕು ಇಲ್ಲದಿದ್ದರೆ ದಿನವಿಡೀ ಹೊಡೆಯುವವನ ಮೊಣಕೈ ಉಳಿಯದು. ಅದೇ ಬಿದಿರನ್ನು ಸೌದೆ ಕೊಡಲಿಗೆ ಹಾಕಿದರೆ ನಡೆಯದು, ಸಿಕ್ಕಿಕೊಂಡ ಕೊಡಲಿಯನ್ನು ಎಬ್ಬುವಾಗ ಕತ್ತಿನಲ್ಲಿ ಜಜ್ಜಿಹೋಗುತ್ತದೆ. ಒಂದೊಂದು ಕಸುಬಿಗೆ ಒಂದೊಂದು ಮರ ಎನ್ನುವುದನ್ನು ಯಾವ ಕಾಲೇಜಿಗೂ ಹೋಗದೆ ಇವರು ಕಂಡುಕೊಂಡಿದ್ದರು.

ಎರಡನೇ ಪೆಟ್ಟು ನೀಲಗಿರಿ. ಇದನ್ನು ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಮೊದಲು ನೆಟ್ಟರು ಎಂದು ಹೇಳುತ್ತಾರೆ. ಅಲ್ಲಿಂದ ಹಬ್ಬಿದ ಮಿಶ್ರತಳಿಗೆ ದೇಶದಾದ್ಯಂತ ‘ಮೈಸೂರು ಗಮ್’ ಎಂದೇ ಹೆಸರಾಯಿತು. ಊರಿನ ಹೊಲಗಳಿಗೆ ಅದು ಇಳಿದದ್ದು 1970ರ ದಶಕದ ಕೊನೆಯಿಂದ. ಮಳೆ ಕೈಕೊಟ್ಟರೂ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಆಳು ಬೇಡ, ಏಳೆಂಟು ವರ್ಷಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳಿಗೆ ಸೌದೆಯಾಯಿತು, ಹರಿಹರದ ಕಡೆಯ ರೇಯಾನ್ ತಿರುಳಿನ ಕಾರ್ಖಾನೆಗೆ ಲಾರಿ ಲಾರಿ ಹೋಯಿತು. 1976ರ ಮರಗಳ ಸಂರಕ್ಷಣಾ ಕಾಯಿದೆಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವನ್ನು ಕಡಿಯಲು ಅನುಮತಿ ಬೇಡ ಎಂದಿತ್ತು. ಹೊಲದ ಬದುವಿನ ಮಿಕ್ಕ ಮರ ಕಡಿಯಲು ಅರ್ಜಿ ಹಾಕಿ ಅಲೆಯಬೇಕು. ಯಾವುದನ್ನು ನೆಡಬೇಕು ಎಂಬುದನ್ನು ರೈತನಿಗೆ ಕಾಯಿದೆಯೇ ಹೇಳಿಕೊಟ್ಟಂತಾಯಿತು. 1981ರಲ್ಲಿ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದೋಪಾಧ್ಯಾಯ ಇವರು ಬೆಂಗಳೂರಿನ ಐ.ಐ.ಎಂ. ಪರವಾಗಿ ನಮ್ಮ ಕೋಲಾರ ಜಿಲ್ಲೆಯಲ್ಲೇ ಅಧ್ಯಯನ ಮಾಡಿ, ರಾಗಿ ಹೊಲಗಳು ನೀಲಗಿರಿ ತೋಪಾಗುತ್ತಿವೆ, ಕೂಲಿಯವರಿಗೆ ಕೆಲಸ ತಪ್ಪುತ್ತಿದೆ ಎಂದು ಬರೆದರು. 1983ರಿಂದ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ನಮ್ಮ ಕಡೆ ಅಷ್ಟು ದೊಡ್ಡ ಗಲಾಟೆ ನಾನು ನೋಡಲಿಲ್ಲ. ನಮ್ಮೂರ ಗೋಮಾಳಕ್ಕೂ ತೋಪಿಗೂ ಸದ್ದಿಲ್ಲದೆ ನೀಲಗಿರಿ ಬಂತು, ದೊಡ್ಡಪ್ಪ ಸಂತೆಯಲ್ಲಿ ಕಾವು ಕೊಂಡರು.

ನೀಲಗಿರಿಯನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಅದರ ಸ್ವಂತ ದೇಶವಾದ ಆಸ್ಟ್ರೇಲಿಯಾದಲ್ಲಿ ಅದರ ಬಂಧುವೊಂದರಿಂದ ಒಳ್ಳೆಯ ಕಾವುಗಳನ್ನು ಮಾಡುತ್ತಾರೆ. ನಮ್ಮಲ್ಲಿ ಆದ ತಪ್ಪು ಮರದ್ದಲ್ಲ, ವಯಸ್ಸಿನದು, ಅವಸರದ್ದು. ಏಳು ವರ್ಷದ ಗಳುವಿನಲ್ಲಿ ಎಳೆ ಹಗ್ಗ ಹೊಸೆದಂತೆ ಸುತ್ತಿಕೊಂಡು ಹೋಗುತ್ತದೆ, ಹೊರಮೈ ಎಳೆದುಕೊಂಡೂ ಒಳತಿರುಳು ಒತ್ತಿಕೊಂಡೂ ಇರುತ್ತದೆ. ಕಡಿದ ಕೂಡಲೇ ತುದಿಯಲ್ಲಿ ನಕ್ಷತ್ರದಂತೆ ಬಿರಿಯುವುದು ಅದಕ್ಕೇ. ತಿರುಳು ನಡುವೆ ಇರುವ ಇಡೀ ಗಳುವನ್ನೇ ಕಾವು ಎಂದು ಮಾರಿದರೆ ಬಿರಿಯದೆ ಇನ್ನೇನಾದೀತು. ಇಪ್ಪತ್ತೈದು, ಮೂವತ್ತು ವರ್ಷದ ಮರದ ಹೊರಭಾಗವನ್ನು ಸೀಳಿ ವರ್ಷ ಕಾಲ ಒಣಗಿಸಿ ಹಾಕಿದ ಕಾವನ್ನು ನಾನೇ ಉಪಯೋಗಿಸಿದ್ದೇನೆ, ಹುಣಸೆಯಷ್ಟಲ್ಲದಿದ್ದರೂ ಮೋಸ ಮಾಡಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅಷ್ಟರಲ್ಲಿ ನಮ್ಮ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಹೆದ್ದಾರಿ ಅಗಲ ಮಾಡುವಾಗ ಸಾಲುಮರಗಳೂ ಹೋದವು.

ಮರ ನಂಬಿ ಕೆಟ್ಟವರು ಕಬ್ಬಿಣಕ್ಕೆ ಹೋದರು. ಕೊಡಲಿಯ ಕಣ್ಣಿಗೆ ನೀರಿನ ಪೈಪು ತೂರಿಸಿ ವೆಲ್ಡಿಂಗ್ ಮಾಡಿಸುವುದು ಇಟ್ಟಿಗೆ ಗೂಡುಗಳ ಕಡೆ ಬಹಳ ನಡೆಯಿತು. ತಲೆ ಹಾರುವುದಿಲ್ಲ, ಮುರಿಯುವುದಿಲ್ಲ, ಮಾಲೀಕನಿಗೆ ಖರ್ಚಿಲ್ಲ. ಆದರೆ ಪೈಪು ನಡುಕವನ್ನು ಒಂದಿಷ್ಟೂ ನುಂಗದೆ ಹಿಡಿದವನ ಕೈಗೆ ದಾಟಿಸುತ್ತದೆ. ವೆಲ್ಡಿಂಗಿನ ಬೆಂಕಿ ತಲೆಯ ತುಂಬ ಹರಡಿದರೆ ಕಮ್ಮಾರ ಕೊಟ್ಟ ಹದವೂ ಕೆಡುತ್ತದೆ. ಒಂದು ಗೂಡಿನಲ್ಲಿ ಪೈಪಿನ ಕೊಡಲಿ ಹಿಡಿದು ನಾಲ್ಕು ಹಂಗಾಮು ದುಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮುಷ್ಟಿ ಬಿಗಿಯಲು ಬರುವುದಿಲ್ಲ. ಬೆಳಿಗ್ಗೆ ಬೆರಳುಗಳಲ್ಲಿ ಜೋಮು, ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯುತ್ತಾನೆ. ಕಾವು ಮುರಿಯಲಿಲ್ಲ ನಿಜ.

ಈಗ ಫೈಬರ್ ಕಾವು ಬಂದಿದೆ, ಹಳದಿ, ಕಪ್ಪು ಬಣ್ಣದ್ದು. ಗಾಜಿನ ನಾರನ್ನು ರಾಳದಲ್ಲಿ ಹಾಕಿ ಮಾಡಿದ್ದು. ಮಳೆಗೆ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಪೈಪಿಗಿಂತ ಎಷ್ಟೋ ಮೃದು. ಕೊಂಡುಕೊಳ್ಳಬಲ್ಲವರಿಗೆ ಬೇಡ ಎನ್ನಲಾರೆ. ಬಿಸಿಲು, ಪೆಟ್ಟು ತಿಂದು ಮೇಲ್ಮೈ ಎದ್ದರೆ ಕಣ್ಣಿಗೆ ಕಾಣದ ಗಾಜಿನ ಮುಳ್ಳು ಕೈಗೆ ಹತ್ತುತ್ತದೆ. ತಲೆಗೆ ರಾಳ ಹಾಕಿ ಅಂಟಿಸಿರುವುದರಿಂದ ಕೆಟ್ಟ ದಿನ ನಮ್ಮೂರ ಕುಲುಮೆಯಲ್ಲಿ ರಿಪೇರಿ ಆಗದು, ಇಡೀ ಕೊಡಲಿಯೇ ಗುಜರಿಗೆ. ಅಂಗಡಿಯಲ್ಲಿ ಸಿಗುವ ಮರದ ಕಾವುಗಳಿಗೆ ಗಾಢ ಬಣ್ಣದ ವಾರ್ನಿಷ್ ಬಳಿದಿರುತ್ತಾರೆ. ಮರ ಯಾವುದು, ಎಳೆ ಯಾವ ಕಡೆ ಹೋಗಿದೆ ಎನ್ನುವುದು ಕಾಣಬಾರದೆಂದೇ ಬಳಿದ ಹಾಗಿರುತ್ತದೆ. ಕೊಳ್ಳಲೇಬೇಕಾದರೆ ವಾರ್ನಿಷ್ ಇಲ್ಲದ್ದನ್ನು ಕೇಳಿ, ಬಿಸಿಲಿಗೆ ಹಿಡಿದು ಎಳೆ ಈ ತುದಿಯಿಂದ ಆ ತುದಿಗೆ ಹೋಗಿದೆಯೇ ನೋಡಿ. ಕೈಯಲ್ಲಿ ಎರಡು ಕಾವು ತೂಗಿ ಭಾರವಾದದ್ದನ್ನು ತೆಗೆದುಕೊಳ್ಳಿ, ಆದರೆ ಅದು ಹಸಿಯ ಭಾರವಲ್ಲ ಎಂದು ತಟ್ಟಿ ಖಾತ್ರಿ ಮಾಡಿಕೊಳ್ಳಿ. ತಂದ ದಿನವೇ ಹಾಕಬೇಡಿ.

ಸೌದೆ ಒಡೆಯುವವರೇ ಈಗ ಕಡಿಮೆ, ಕಾವಿನ ಗೊಡವೆ ಯಾಕೆ ಎಂದು ಕೇಳಬಹುದು. ಮದುವೆಗಳು ಛತ್ರಕ್ಕೆ ಹೋದವು, ಛತ್ರಕ್ಕೆ ಸಿಲಿಂಡರ್ ಬಂತು. ಡಿಪೋಗಳಲ್ಲಿ ಪೆಟ್ರೋಲ್ ಗರಗಸ ಗರ್ ಎನ್ನುತ್ತದೆ. ಆದರೂ ನಮ್ಮ ಸಂಘದ ಸದಸ್ಯರ ಪಟ್ಟಿ ತೆಗೆದು ನೋಡಿದರೆ ಹಂಡೆ ಒಲೆಗೆ ಸೌದೆ ಒಡೆಯದ ಮನೆ ಎಷ್ಟಿವೆ? ಹಳೇ ಮಾವಿನ ತೋಟ ಕಡಿದಾಗ ಬೊಡ್ಡೆ ಒಡೆಯುವವರು ಇದ್ದೇ ಇದ್ದಾರೆ, ಹಸೀ ಕಾವು ಹಾಕಿಕೊಂಡೇ ಒಡೆಯುತ್ತಾರೆ, ಮಕ್ಕಳು ಎದುರಿಗೆ ನಿಂತು ನೋಡುತ್ತಿರುತ್ತಾರೆ.

ಹೋದ ವರ್ಷದ ಗಾಳಿಗೆ ಕೆರೆ ಏರಿಯ ಹುಣಸೆಯ ಒಂದು ಕೊಂಬೆ ಮುರಿದು ಬಿತ್ತು. ನೆಟ್ಟಗಿನ ಕೊಂಬೆ. ಪಂಚಾಯಿತಿಯವರಿಗೆ ಹೇಳಿ ಎರಡು ಮೊಳ ಕೊಯ್ದುಕೊಂಡು ಬಂದು ಬೆಣೆ ಹೊಡೆದು ನಾಲ್ಕಾಗಿ ಸೀಳಿ ಅಟ್ಟಕ್ಕೆ ಹಾಕಿದೆ. ಮೊನ್ನೆ ಇಳಿಸಿ ನೋಡಿದರೆ ಎರಡಕ್ಕೆ ಕುಟ್ಟೆ ಹಿಡಿದು ಹಿಟ್ಟು ಉದುರುತ್ತಿದೆ. ನಮ್ಮ ಮನೆಯಲ್ಲೂ ಗ್ಯಾಸು ಬಂದು ಎಷ್ಟೋ ವರ್ಷವಾಯಿತು, ಅಟ್ಟಕ್ಕೆ ಹೊಗೆ ಎಲ್ಲಿಂದ ಬರಬೇಕು? ಉಳಿದ ಎರಡನ್ನು ಹಂಡೆ ಒಲೆಯ ಮೇಲಿನ ಮೋಟುಗೋಡೆಗೆ ಸರಿಸಿದ್ದೇನೆ, ಹೊಂಗೆಣ್ಣೆ ಸವರಿದ್ದೇನೆ. ಒಂದನ್ನು ಕಾರ್ಯದರ್ಶಿಗಳಿಗೆ ಕೊಡುತ್ತೇನೆ ಎಂದು ಹೇಳಿಕಳಿಸಿದೆ. ಯುಗಾದಿ ಕಳೆದ ಮೇಲೆ ಬಂದು ತಗೊಂಡು ಹೋಗ್ತೀನಿ ಅಂದಿದ್ದಾರೆ.